ಸೊನೋಮಾ ಸ್ಟಾಂಪರ್ಸ್: ಇಷ್ಟು ಚಿಕ್ಕ ಊರಿಗೆ ಪ್ರೊಫೆಷನಲ್ ಬೇಸ್‌ಬಾಲ್ ತಂಡ ಹೇಗೆ ಬಂತು, ಎಲ್ಲಿ ಹೋಯ್ತು?

ಫ್ರೀಮಾಂಟ್_ಪದ್ಮಾ:
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸೊನೋಮಾ ಊರಿನ ಪ್ಲಾಜಾದಿಂದ ಸ್ವಲ್ಪ ದೂರದಲ್ಲಿ ಆರ್ನಾಲ್ಡ್ ಫೀಲ್ಡ್ ಅಂತ ಒಂದು ಮೈದಾನ ಇದೆ. ಅಲ್ಲಿ ಬೇಸಿಗೆಯಲ್ಲಿ ಸ್ಟಾಂಪರ್ಸ್ ಹೆಸರಿನಲ್ಲಿ ಕಾಲೇಜು ಹುಡುಗರು ಆಡುತ್ತಾರೆ. ಇದೇ ತಂಡ ಮೊದಲು ಪ್ರೊಫೆಷನಲ್ ತಂಡ ಆಗಿತ್ತಂತೆ, ಸಂಬಳ ಕೊಟ್ಟು ಆಡಿಸುತ್ತಿದ್ದರಂತೆ. ಊರಿನ ಜನಸಂಖ್ಯೆ ನೋಡಿದರೆ ಸುಮಾರು 11,000. ಇಷ್ಟು ಜನ ಇರುವ ಊರಿನಲ್ಲಿ ಅದು ಹೇಗೆ ನಡೆಯಿತು? ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನವರ ಕೆಳಗಿನ ತಂಡವಾ? ತಿಳಿದವರು ಬಿಡಿಸಿ ಹೇಳಿ.

ಮೈದಾನಪ್ರಿಯ:
ಪದ್ಮಾ ಮೇಡಂ, ಜೈಂಟ್ಸ್ ಕೆಳಗಲ್ಲ, ಯಾರ ಕೆಳಗೂ ಅಲ್ಲ. ಇಂಡಿಪೆಂಡೆಂಟ್ ತಂಡ ಅಂದರೆ ಅದೇ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ 30 ಕ್ಲಬ್‌ಗಳಿಗೂ ಕೆಳಗೆ ಮೈನರ್ ಲೀಗ್ ತಂಡಗಳಿವೆ. ಅಲ್ಲಿ ಆಟಗಾರರ ಸಂಬಳ, ಕೋಚ್‌ಗಳ ಸಂಬಳ ಎಲ್ಲ ಮೇಲಿನ ಕ್ಲಬ್ಬಿನದು. ಊರಿನ ಮಾಲೀಕನಿಗೆ ಮೈದಾನ, ಟಿಕೆಟ್, ಓಡಾಟ ನೋಡಿಕೊಂಡರೆ ಸಾಕು. ಆದರೆ ಯಾರು ಆಡಬೇಕು, ಯಾರು ಮೇಲೆ ಹೋಗಬೇಕು ಅನ್ನೋದು ಅವನ ಕೈಯಲ್ಲಿಲ್ಲ. ಇಂಡಿಪೆಂಡೆಂಟ್ ತಂಡದಲ್ಲಿ ಇದು ಪೂರ್ತಿ ಉಲ್ಟಾ. ಆಟಗಾರರನ್ನು ನೀನೇ ಹುಡುಕು, ನೀನೇ ಸಂಬಳ ಕೊಡು, ತಂಡ ಹೇಗೆ ಬೇಕೋ ಹಾಗೆ ನಡೆಸು. ದುಡ್ಡು ಬರೋದು ಟಿಕೆಟ್ಟಿನಿಂದ, ಬಿಯರ್ ಮಾರಾಟದಿಂದ, ಊರಿನ ಅಂಗಡಿಗಳ ಜಾಹೀರಾತಿನಿಂದ. ಅಷ್ಟೇ.

ಇದಕ್ಕೆ ಈಗಿನ ರೂಪ ಬಂದಿದ್ದು 1993ರಲ್ಲಿ. ಮೈಲ್ಸ್ ವುಲ್ಫ್ ಅನ್ನುವವರು ನಾರ್ದರ್ನ್ ಲೀಗ್ ಶುರು ಮಾಡಿದರು. ಅಲ್ಲಿ ಸೇಂಟ್ ಪಾಲ್ ಸೇಂಟ್ಸ್ ತಂಡ ಭರ್ಜರಿಯಾಗಿ ಓಡಿತು. ನಟ ಬಿಲ್ ಮರ್ರೆ ಅದರ ಪಾಲುದಾರರಲ್ಲೊಬ್ಬರು. ಅಂಪೈರಿಗೆ ಚೆಂಡು ತಂದುಕೊಡೋಕೆ ಒಂದು ಹಂದಿಮರಿಯನ್ನು ಸಾಕಿದ್ದರು, ನಿಜವಾಗಿಯೂ. ಅದನ್ನು ನೋಡಿ ದೇಶದ ತುಂಬ ಸಣ್ಣ ಊರುಗಳಲ್ಲಿ ಇಂಥ ತಂಡಗಳು ಹುಟ್ಟಿಕೊಂಡವು. ಜಾಸ್ತಿ ತಂಡಗಳು ಸತ್ತೂ ಹೋದವು.

ನಮ್ಮ ಬೇ ಏರಿಯಾ ಕಡೆಯ ಲೀಗ್‌ನ ಹೆಸರು ಪೆಸಿಫಿಕ್ ಅಸೋಸಿಯೇಷನ್. ಶುರುವಾಗಿದ್ದು 2013ರಲ್ಲಿ. ಮೊದಲ ವರ್ಷ ಹವಾಯಿಯ ತಂಡಗಳೂ ಇದ್ದವು! ಒಂದೊಂದು ಸರಣಿಗೂ ಇಡೀ ತಂಡ ವಿಮಾನ ಹತ್ತಬೇಕು. ಯಾವ ಲೆಕ್ಕದಲ್ಲಿ ಅದು ಗಿಟ್ಟುತ್ತೆ ಅಂದುಕೊಂಡರೋ. 2014ರ ಹೊತ್ತಿಗೆ ಹವಾಯಿ ಬಿಟ್ಟುಹೋಯ್ತು. ಆ ವರ್ಷ ಸೊನೋಮಾ ಸ್ಟಾಂಪರ್ಸ್ ಹೊಸದಾಗಿ ಬಂತು, ಜೊತೆಗೆ ಪಿಟ್ಸ್‌ಬರ್ಗ್. ಪೆನ್ಸಿಲ್ವೇನಿಯಾದ್ದಲ್ಲ, ಇಲ್ಲೇ ಕಾಂಟ್ರಾ ಕೋಸ್ಟಾದ್ದು. ಸ್ಯಾನ್ ರಫೇಲ್, ವಲೇಹೋ ಸೇರಿ ನಾಲ್ಕು ಊರು. ಎಲ್ಲ ಕಾರಿನಲ್ಲಿ ಹೋಗಿ ಆಡಿ ರಾತ್ರಿ ವಾಪಸ್ ಬರುವಷ್ಟು ಹತ್ತಿರ. ಹೋಟೆಲ್ ಖರ್ಚು ಉಳಿಯಿತು. ಸೊನೋಮಾದಂಥ ಊರಿಗೆ ತಂಡ ಬರೋಕೆ ಸಾಧ್ಯವಾಗಿದ್ದೇ ಇದರಿಂದ ಅಂತ ನನ್ನ ಅಭಿಪ್ರಾಯ.

ಆಟಗಾರರ ಸಂಬಳ ತಿಂಗಳಿಗೆ ಕೆಲವು ನೂರು ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಅಷ್ಟಕ್ಕೆ ಒಂದು ರೂಮೂ ಸಿಗಲ್ಲ. ಅದಕ್ಕೆ ಊರಿನ ಕುಟುಂಬಗಳೇ ಆಟಗಾರರನ್ನು ಬೇಸಿಗೆ ಮುಗಿಯುವವರೆಗೆ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದವು. ಹೋಸ್ಟ್ ಫ್ಯಾಮಿಲಿ ಅಂತಾರೆ. ಈ ವ್ಯವಸ್ಥೆ ಇಲ್ಲದಿದ್ದರೆ ಇಂಥ ಲೀಗ್ ಒಂದು ತಿಂಗಳೂ ನಡೆಯಲ್ಲ.

ದಾವಣಗೆರೆ_ಹುಡುಗ:
ಗುರೂ, ಹಾಗಾದ್ರೆ ನಮ್ಮೂರಲ್ಲಿ ಲೈಟ್ ಹಾಕಿ ಆಡಿಸೋ ಟೆನಿಸ್ ಬಾಲ್ ಟೂರ್ನಿ ಥರ ಅನ್ನು. ಸ್ಥಳೀಯ ಶಾಸಕರ ಕಪ್ ಒಂದು ಕಮ್ಮಿ ಅಷ್ಟೇ. 😀

ಮೈದಾನಪ್ರಿಯ:
ವಾತಾವರಣ ಹಾಗೇ ಇರಬಹುದು ಕಣಯ್ಯ, ಆಟದ ಮಟ್ಟ ಹಾಗಲ್ಲ. ಇವರೆಲ್ಲ ತಮ್ಮ ತಮ್ಮ ಕಾಲೇಜಿನ ದೊಡ್ಡ ಆಟಗಾರರು. ಡ್ರಾಫ್ಟ್‌ನಲ್ಲಿ (ದೊಡ್ಡ ಕ್ಲಬ್‌ಗಳು ಹೊಸ ಆಟಗಾರರನ್ನು ಆರಿಸಿಕೊಳ್ಳೋದು) ಹೆಸರು ಬಂದಿಲ್ಲ, ಇಲ್ಲಾ ಬಂದು ಎರಡು ವರ್ಷಕ್ಕೆ ಕೈಬಿಟ್ಟಿದ್ದಾರೆ. ಇನ್ನೊಂದೇ ಅವಕಾಶ ಸಿಗಲಿ ಅಂತ ಕೂತವರು. ಪಿಚರ್ ಎಸೆದ ಚೆಂಡು ನಮ್ಮ ನಿಮ್ಮ ಕಣ್ಣಿಗೆ ಕಾಣಿಸೋದೂ ಇಲ್ಲ.

ಅಂಕಿಅಂಶ_ಆನಂದ:
ಈ ಚರ್ಚೆಗೆ ನಾನು ಬರದೇ ಇರೋಕೆ ಆಗಲ್ಲ. 2015ರ ಕಥೆ ಯಾರೂ ಇನ್ನೂ ಹೇಳಿಲ್ಲವಲ್ಲ!

ಬೆನ್ ಲಿಂಡ್‌ಬರ್ಗ್, ಸ್ಯಾಮ್ ಮಿಲ್ಲರ್ ಅಂತ ಇಬ್ಬರು ಬೇಸ್‌ಬಾಲ್ ಬರಹಗಾರರು. ಇಬ್ಬರೂ ಸೇರಿ ಪಾಡ್‌ಕಾಸ್ಟ್ ನಡೆಸುತ್ತಿದ್ದರು. ಅಂಕಿಅಂಶ ಹಿಡಿದು ಆಟವನ್ನು ನೋಡುವ ಪೈಕಿ. ದೊಡ್ಡ ತಂಡಗಳು ಹೀಗೆ ಮಾಡಬೇಕಿತ್ತು, ಹಾಗೆ ಮಾಡಬಾರದಿತ್ತು ಅಂತ ವರ್ಷಗಟ್ಟಲೆ ಬರೆದವರು. ಒಂದು ಪಂದ್ಯವನ್ನೂ ನಡೆಸಿದವರಲ್ಲ. ಸ್ಟಾಂಪರ್ಸ್‌ನವರು ಅವರಿಗೆ ಹೇಳಿದ್ದು ಇಷ್ಟು: ಬನ್ನಿ, ಈ ವರ್ಷ ಆಟದ ವಿಭಾಗ ನೀವೇ ನೋಡಿಕೊಳ್ಳಿ. ಜನರಲ್ ಮ್ಯಾನೇಜರ್ ಥಿಯೋ ಫೈಟ್‌ಮಾಸ್ಟರ್. ಹೆಸರೇ ಆಟಕ್ಕೆ ಹೇಳಿಮಾಡಿಸಿದ ಹಾಗಿದೆ.

ಅವರು ಮೊದಲು ಮಾಡಿದ್ದು ಒಂದು ಸ್ಪ್ರೆಡ್‌ಶೀಟ್. ಕಾಲೇಜು ಮುಗಿಸಿ, ಡ್ರಾಫ್ಟ್‌ನಲ್ಲಿ ಆಯ್ಕೆಯಾಗದೆ ಉಳಿದ ಹುಡುಗರ ಅಂಕಿಗಳನ್ನೆಲ್ಲ ಕಲೆಹಾಕಿದರು. ಸ್ಕೌಟ್‌ಗಳು, ಅಂದರೆ ಕ್ಲಬ್‌ಗಳಿಗೆ ಆಟಗಾರರನ್ನು ಹುಡುಕುವವರು, ನೋಡೋದು ಮೈಕಟ್ಟು, ಎತ್ತರ, ಚೆಂಡಿನ ವೇಗ. ಇವರು ನೋಡಿದ್ದು ಎಷ್ಟು ಜನರನ್ನು ಔಟ್ ಮಾಡಿದ್ದಾನೆ ಅನ್ನೋದನ್ನು ಮಾತ್ರ. ಹಾಗೆ ಸಿಕ್ಕವರಲ್ಲಿ ಒಬ್ಬ ಸ್ಯಾಂಟೋಸ್ ಸಲ್ದಿವರ್. ಆಮೇಲೆ ಮಿಲ್ವಾಕಿ ಬ್ರೂವರ್ಸ್ ಅವನನ್ನು ತಗೊಂಡಿತು. ಇನ್ನೊಬ್ಬ ಶಾನ್ ಕಾನ್‌ರಾಯ್. ನ್ಯೂಯಾರ್ಕ್ ರಾಜ್ಯದ ಆರ್‌ಪಿಐ ಕಾಲೇಜಿನವನು. ಅಲ್ಲಿ ಜಾಸ್ತಿ ಜನ ಓದೋದು ಇಂಜಿನಿಯರಿಂಗ್. ಬೇಸ್‌ಬಾಲ್ ಸ್ಕೌಟ್‌ಗಳು ಅಲ್ಲಿಗೆ ಯಾಕೆ ಹೋಗ್ತಾರೆ! ಕೈಯನ್ನು ಪಕ್ಕದಿಂದ ಬೀಸಿ ಎಸೆಯುತ್ತಿದ್ದ, ವೇಗವೂ ಕಮ್ಮಿ. ಆದರೆ ಬ್ಯಾಟರ್‌ಗಳಿಗೆ ಹೊಡೆಯೋಕೆ ಆಗ್ತಿರಲಿಲ್ಲ.

ಪ್ರಯೋಗಗಳೂ ನಡೆದವು. ಸಾಮಾನ್ಯವಾಗಿ ಇನ್‌ಫೀಲ್ಡ್‌ನಲ್ಲಿ ನಾಲ್ವರು, ದೂರದ ಔಟ್‌ಫೀಲ್ಡ್‌ನಲ್ಲಿ ಮೂವರು ನಿಲ್ಲುತ್ತಾರೆ. ಇವರು ಔಟ್‌ಫೀಲ್ಡ್‌ನಿಂದ ಒಬ್ಬನನ್ನು ಒಳಗೆ ಕರೆದು ಐವರನ್ನು ನಿಲ್ಲಿಸಿದರು. ಇನ್ನೊಂದು, ಒಳ್ಳೇ ರಿಲೀಫ್ ಪಿಚರ್‌ನನ್ನು (ಮೊದಲ ಪಿಚರ್ ಬದಲಿಗೆ ನಡುವೆ ಬರುವವನು) ಕೊನೆಯ ಒಂಬತ್ತನೇ ಇನ್ನಿಂಗ್ಸ್‌ಗೆ ಅಂತ ಕೂರಿಸಿಡಬೇಡಿ, ಪಂದ್ಯ ಕೈತಪ್ಪುವ ಹೊತ್ತಿಗೆ ಇಳಿಸಿ ಅಂದರು. ಮೈದಾನದಲ್ಲಿ ತಂಡ ನಡೆಸುವ ಮ್ಯಾನೇಜರ್ ಫೇ ಲೆಂಟಿನಿ ಸ್ವತಃ ಆಟಗಾರನೂ ಹೌದು. ಅವರಿಗೆ ಇದೆಲ್ಲ ಹಿಡಿಸಲಿಲ್ಲ. ಕಂಪ್ಯೂಟರ್ ಮುಂದೆ ಕೂತವರು ಹೇಳಿದ್ದಕ್ಕೆಲ್ಲ ಹೂಂ ಅನ್ನೋಕಾಗುತ್ತಾ? ಜಗಳ ಬೆಳೆದು ಸೀಸನ್ ನಡುವೆಯೇ ಅವರು ಹೋಗಬೇಕಾಯಿತು. ತಕಾಶಿ ಮಿಯೋಶಿ ಮ್ಯಾನೇಜರ್ ಆದರು.

ಫಲಿತಾಂಶ ಕೇಳಿದರೆ ನನ್ನಂಥವರಿಗೆ ಸ್ವಲ್ಪ ಬೇಜಾರು. ಸೀಸನ್ನಿನ ಮೊದಲರ್ಧದಲ್ಲಿ ಸ್ಟಾಂಪರ್ಸ್ ಮುಂದೆ. ಎರಡನೇ ಅರ್ಧಕ್ಕೆ ಒಳ್ಳೊಳ್ಳೆ ಆಟಗಾರರನ್ನು ಮೇಲಿನ ಲೀಗ್‌ಗಳು ಒಬ್ಬೊಬ್ಬರಾಗಿ ಎತ್ತಿಕೊಂಡು ಹೋದವು. ಫೈನಲ್‌ನಲ್ಲಿ ಸ್ಯಾನ್ ರಫೇಲ್ ಎದುರು ಸೋಲು. ಆಟಗಾರನಿಗೆ ಮೇಲಿಂದ ಕರೆ ಬಂತು ಅಂದರೆ ತಡೆಯೋ ಹಾಗಿಲ್ಲ, ತಡೆದರೆ ಮುಂದಿನ ವರ್ಷ ಯಾರೂ ಬರಲ್ಲ. ನಿಮ್ಮ ಸ್ಪ್ರೆಡ್‌ಶೀಟ್ ಸರಿಯಾಗಿದ್ದಷ್ಟೂ ನಿಮ್ಮ ತಂಡ ಬೇಗ ಖಾಲಿ!

ಫ್ರೀಮಾಂಟ್_ಪದ್ಮಾ:
ಆನಂದ್ ಸರ್, ಕಾನ್‌ರಾಯ್ ಹೆಸರು ಬೇರೆ ಯಾವುದೋ ವಿಷಯಕ್ಕೆ ಪತ್ರಿಕೆಯಲ್ಲಿ ಬಂದಿತ್ತಲ್ವಾ?

ಅಂಕಿಅಂಶ_ಆನಂದ:
ಹೌದು ಮೇಡಂ, ಅದನ್ನು ಬೇರೆಯಾಗಿಯೇ ಹೇಳಬೇಕು ಅಂತ ಬಿಟ್ಟಿದ್ದೆ. ಕಾನ್‌ರಾಯ್ ಗೇ. ತಂಡದವರ ಹತ್ತಿರ ಮುಚ್ಚಿಟ್ಟಿರಲಿಲ್ಲ. ಕ್ಲಬ್ಬಿನವರು ಜೂನ್‌ನಲ್ಲಿ ಪ್ರೈಡ್ ನೈಟ್ (ಎಲ್‌ಜಿಬಿಟಿ ಸಮುದಾಯಕ್ಕೆ ಬೆಂಬಲ ತೋರಿಸುವ ಪಂದ್ಯ) ಇಟ್ಟುಕೊಂಡಿದ್ದರು. ಅವತ್ತು ನೀನೇ ಮೊದಲ ಇನ್ನಿಂಗ್ಸ್‌ನಿಂದ ಎಸೆಯುತ್ತೀಯಾ ಅಂತ ಕೇಳಿದರು. ಅಲ್ಲಿಯವರೆಗೆ ಅವನು ನಡುವೆ ಬಂದು ಒಂದೆರಡು ಇನ್ನಿಂಗ್ಸ್ ಎಸೆಯುವ ರಿಲೀಫ್ ಪಿಚರ್. ಸ್ಟಾಂಪರ್ಸ್‌ಗೆ ಪಂದ್ಯ ಶುರು ಮಾಡಿದ್ದೇ ಇಲ್ಲ.

2015ರ ಜೂನ್ 25. ಎದುರಿಗೆ ವಲೇಹೋ ಅಡ್ಮಿರಲ್ಸ್. ಒಂಬತ್ತೂ ಇನ್ನಿಂಗ್ಸ್ ಅವನೇ ಎಸೆದ. ಒಂದು ರನ್ನೂ ಕೊಡಲಿಲ್ಲ. 11 ಸ್ಟ್ರೈಕ್‌ಔಟ್, ಅಂದರೆ 11 ಸಲ ಬ್ಯಾಟರ್ ಚೆಂಡು ಹೊಡೆಯಲಾಗದೆಯೇ ಔಟ್. ಸ್ಟಾಂಪರ್ಸ್ 7–0. ತಾನು ಗೇ ಅಂತ ಬಹಿರಂಗವಾಗಿ ಹೇಳಿಕೊಂಡು ಆಡಿದ ಮೊದಲ ಪ್ರೊಫೆಷನಲ್ ಬೇಸ್‌ಬಾಲ್ ಆಟಗಾರ. ಅದೇ ವರ್ಷ ಆಗಸ್ಟ್‌ನಲ್ಲಿ ಮಿಲ್ವಾಕಿಯ ಮೈನರ್ ಲೀಗ್ ಆಟಗಾರ ಡೇವಿಡ್ ಡೆನ್ಸನ್ ಕೂಡ ಹೇಳಿಕೊಂಡರು. 1970ರ ದಶಕದಲ್ಲಿ ಗ್ಲೆನ್ ಬರ್ಕ್ ಮೇಜರ್ ಲೀಗ್‌ನಲ್ಲೇ ಆಡಿದ್ದರು. ಅವರ ಜೊತೆಯವರಿಗೆ ವಿಷಯ ಗೊತ್ತಿತ್ತು, ಆದರೆ ಹೊರಗೆ ಹೇಳುವ ಕಾಲ ಅದಾಗಿರಲಿಲ್ಲ.

ನನಗೆ ಇಷ್ಟವಾಗೋದು ಏನಂದರೆ, ಅವನನ್ನು ಯಾರೂ ಪ್ರೈಡ್ ನೈಟ್‌ಗೆ ಅಂತ ಕರೆತಂದಿರಲಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಆ ಕಾಲಂ ಇರಲಿಲ್ಲ.

ಕೋಲಾರ_ಎಕ್ಸ್‌ಪ್ರೆಸ್:
ಎಲ್ಲರೂ ಹೊಗಳುತ್ತಿದ್ದೀರಿ. ನಾನು ಸ್ವಲ್ಪ ಕಹಿ ಮಾತಾಡುತ್ತೇನೆ, ಬೇಜಾರಾಗಬೇಡಿ.

ಅದೇ 2015ರಲ್ಲಿ ಇದೇ ತಂಡ ಮಾಜಿ ಮೇಜರ್ ಲೀಗ್ ತಾರೆ ಹೋಸೆ ಕನ್ಸೆಕೊನನ್ನು ಕರೆಸಿ ಆಡಿಸಿತು. ಆಗ ಅವನಿಗೆ 50 ವರ್ಷ. ಟಿಕೆಟ್ ಮಾರೋಕಲ್ಲದೆ ಮತ್ತೇನಕ್ಕೆ? ಪಕ್ಕದ ಸ್ಯಾನ್ ರಫೇಲ್‌ನವರು 2012ರಲ್ಲಿ 65 ವರ್ಷದ ಮಾಜಿ ಮೇಜರ್ ಲೀಗ್ ಪಿಚರ್ ಬಿಲ್ ಲೀ ಕೈಯಲ್ಲಿ ಇಡೀ ಪಂದ್ಯ ಎಸೆಸಿದರು. 2016ರಲ್ಲಿ ಸ್ಟಾಂಪರ್ಸ್ ಇಬ್ಬರು ಹೆಣ್ಣುಮಕ್ಕಳನ್ನು ತಗೊಂಡರು. ಹಿಂದೆ ಯಾರಿದ್ದರು? ಸಿನಿಮಾ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ವೈನರಿ. ಪ್ರಾಯೋಜಕರಿಗೆ ಸುದ್ದಿ ಬೇಕು, ಕ್ಲಬ್ಬಿಗೆ ದುಡ್ಡು ಬೇಕು. ಆ ಸೀಟುಗಳಿಗೆ ಕಾದಿದ್ದ ಇಬ್ಬರು ಹುಡುಗರ ಬಗ್ಗೆ ಯಾರೂ ಬರೆಯಲಿಲ್ಲ. ಇದು ಆಟವಾ, ಜಾತ್ರೆಯಾ?

ಶೈಲಾ_ಸಾಫ್ಟ್‌ಬಾಲ್:
ಕೋಲಾರದವರೇ, ನಿಮ್ಮ ಮಾತು ಅರ್ಧ ಸರಿ. ದುಡ್ಡಿಗಾಗಿ ಅಲ್ಲ ಅಂತ ನಾನೂ ಹೇಳಲ್ಲ. ಉಳಿದ ಅರ್ಧ ಕೇಳಿ.

ಆ ಇಬ್ಬರು ಕೆಲ್ಸಿ ವಿಟ್‌ಮೋರ್ ಮತ್ತು ಸ್ಟೇಸಿ ಪಿಯಾನೊ. ಇಬ್ಬರೂ 2015ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಅಮೆರಿಕದ ಮಹಿಳಾ ಬೇಸ್‌ಬಾಲ್ ತಂಡದವರು. ರಸ್ತೆಯಿಂದ ಹಿಡಿದು ತಂದವರಲ್ಲ. 2016ರ ಜುಲೈ 1ರಂದು ಸ್ಯಾನ್ ರಫೇಲ್ ವಿರುದ್ಧ ಇಬ್ಬರೂ ಮೈದಾನಕ್ಕಿಳಿದರು. ವಿಟ್‌ಮೋರ್‌ಗೆ ಆಗ 17 ವರ್ಷ. ಒಂದೇ ಪ್ರೊಫೆಷನಲ್ ತಂಡದಲ್ಲಿ ಹೆಣ್ಣುಮಕ್ಕಳು ಹೀಗೆ ಒಟ್ಟಿಗೆ ಆಡಿದ್ದು 1950ರ ದಶಕದ ಮೇಲೆ ಅದೇ ಮೊದಲು. ಆ ಕಾಲದಲ್ಲಿ ಕಪ್ಪು ಆಟಗಾರರ ನೀಗ್ರೋ ಲೀಗ್‌ನ ಇಂಡಿಯಾನಾಪೊಲಿಸ್ ಕ್ಲೌನ್ಸ್‌ಗೆ ಟೋನಿ ಸ್ಟೋನ್, ಮೇಮಿ ಜಾನ್ಸನ್, ಕಾನಿ ಮಾರ್ಗನ್ ಆಡಿದ್ದರು. ಅವರನ್ನು ಸೇರಿಸಿಕೊಂಡಾಗಲೂ ಟಿಕೆಟ್ ಮಾರೋಕೆ ಅಂತಲೇ ಅಂದಿದ್ದರು. ಟೋನಿ ಸ್ಟೋನ್ ಆಡಿದ್ದು ಸುಳ್ಳಾ?

ಆ ತಿಂಗಳೇ ಆನಾ ಕಿಂಬ್ರೆಲ್ ಅಂತ ಕ್ಯಾಚರ್ (ಪಿಚರ್ ಎಸೆದ ಚೆಂಡು ಹಿಡಿಯುವವರು) ಕೂಡ ಸೇರಿದರು. ಪಿಚರ್, ಕ್ಯಾಚರ್ ಇಬ್ಬರೂ ಹೆಣ್ಣುಮಕ್ಕಳೇ ಆದ ಜೋಡಿ ಸ್ಟಾಂಪರ್ಸ್‌ನಲ್ಲಿ ಇಳಿಯಿತು. 2017ರಲ್ಲಿ ಪಿಯಾನೊ ಮತ್ತೆ ಬಂದು, ಪಿಚ್ ಮಾಡಿ ಪಂದ್ಯ ಗೆದ್ದುಕೊಟ್ಟರು.

ಇನ್ನು ವಿಟ್‌ಮೋರ್. ನಾನು ಇಲ್ಲಿ ಸಾಫ್ಟ್‌ಬಾಲ್ ಆಡೋ ಹೆಣ್ಣುಮಕ್ಕಳ ತಾಯಿ, ಅದಕ್ಕೆ ನನಗೆ ಇದು ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ ಹುಡುಗಿ ಒಂದು ವಯಸ್ಸಿನವರೆಗೆ ಹುಡುಗರ ಜೊತೆ ಬೇಸ್‌ಬಾಲ್ ಆಡಬಹುದು. ಆಮೇಲೆ ಎಲ್ಲರೂ ಸುಮ್ನೆ ಸಾಫ್ಟ್‌ಬಾಲ್ ಕಡೆಗೆ ತಳ್ಳುತ್ತಾರೆ. ಕಾಲೇಜಿನ ಸ್ಕಾಲರ್‌ಶಿಪ್ ಇರೋದು ಅದಕ್ಕೆ. ವಿಟ್‌ಮೋರ್ ಕೂಡ ಸ್ಟಾಂಪರ್ಸ್‌ನಲ್ಲಿ ಆಡಿದ ಮೇಲೆ ಫುಲರ್ಟನ್ ವಿಶ್ವವಿದ್ಯಾಲಯಕ್ಕೆ ಸಾಫ್ಟ್‌ಬಾಲ್ ಆಡಿದರು. ಆದರೂ ಬೇಸ್‌ಬಾಲ್ ಬಿಡಲಿಲ್ಲ. 2022ರಲ್ಲಿ ಸ್ಟೇಟನ್ ಐಲ್ಯಾಂಡ್ ಫೆರಿಹಾಕ್ಸ್ ಪರ ಅಟ್ಲಾಂಟಿಕ್ ಲೀಗ್‌ನಲ್ಲಿ ಆಡಿದರು. ಅದು ಮಾಜಿ ಮೇಜರ್ ಲೀಗ್ ಆಟಗಾರರೂ ಆಡುವ ಲೀಗ್. 2024ರಲ್ಲಿ ಓಕ್ಲೆಂಡ್ ಬಾಲರ್ಸ್, ಪಯನೀರ್ ಲೀಗ್‌ನ ಮೊದಲ ಮಹಿಳೆ. ಬರೀ ಜಾಹೀರಾತಿಗೆ ಬಂದವಳು ಎಂಟು ವರ್ಷ ಆದ ಮೇಲೂ ಬಸ್ಸಿನಲ್ಲಿ ಊರೂರು ಸುತ್ತಿ ಆಡುತ್ತಾಳಾ?

ಮೈದಾನಪ್ರಿಯ:
ಶೈಲಾ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಈ ದಾರಿ ಪೂರ್ತಿ ಸಣ್ಣ ತಂಡಗಳದ್ದೇ. 1997ರಲ್ಲಿ ಐಲಾ ಬಾರ್ಡರ್ಸ್‌ಗೆ ಅವಕಾಶ ಕೊಟ್ಟಿದ್ದು ಸೇಂಟ್ ಪಾಲ್ ಸೇಂಟ್ಸ್. 1998ರಲ್ಲಿ ಅವರು ಡುಲೂತ್ ತಂಡದ ಪರ ಎಸೆದು ಗೆದ್ದರು. 2010ರಲ್ಲಿ ಚೆಂಡು ತಿರುಗದಂತೆ ನಿಧಾನಕ್ಕೆ ಎಸೆಯುವ ಜಪಾನಿನ ನಕಲ್‌ಬಾಲ್ ಪಿಚರ್ ಎರಿ ಯೋಶಿದಾ ಬಂದಿದ್ದು ಇದೇ ಕ್ಯಾಲಿಫೋರ್ನಿಯಾದ ಚೀಕೋ ಔಟ್‌ಲಾಸ್‌ಗೆ. ದೊಡ್ಡ ಕ್ಲಬ್ಬಿನ ಕೆಳಗಿನ ತಂಡಕ್ಕೆ ಹೀಗೆ ಮಾಡೋಕೆ ಆಗೋದೇ ಇಲ್ಲ. ಆಟಗಾರರ ಪಟ್ಟಿ ಅವರ ಕೈಯಲ್ಲಿಲ್ಲವಲ್ಲ.

ಕೋಲಾರ ಅಣ್ಣ, ಜಾತ್ರೆ ಅಂದಿರಲ್ಲ. ಸೇಂಟ್ಸ್ ನಡೆಸಿದ ಮೈಕ್ ವೀಕ್ ಅವರ ಅಪ್ಪ ಬಿಲ್ ವೀಕ್. 1951ರಲ್ಲಿ ಮೇಜರ್ ಲೀಗ್ ಪಂದ್ಯಕ್ಕೇ 3 ಅಡಿ 7 ಇಂಚಿನ ಎಡ್ಡಿ ಗೇಡೆಲ್‌ನನ್ನು ಬ್ಯಾಟಿಂಗಿಗೆ ಕಳಿಸಿದ ಮನುಷ್ಯ. ಅದು ಅಪ್ಪಟ ಜಾತ್ರೆ, ನಾನೂ ಒಪ್ಪುತ್ತೇನೆ. ಅದೇ ಮನುಷ್ಯ 1947ರಲ್ಲಿ ಅಮೆರಿಕನ್ ಲೀಗ್‌ಗೆ ಮೊದಲ ಕಪ್ಪು ಆಟಗಾರ ಲ್ಯಾರಿ ಡೋಬಿಯನ್ನು ತಂದವರು. ಎರಡನ್ನೂ ಮಾಡಿದ ಧೈರ್ಯ ಒಂದೇ ಕಡೆಯಿಂದ ಬಂದಿದ್ದು.

ಕೋಲಾರ_ಎಕ್ಸ್‌ಪ್ರೆಸ್:
ವಿಟ್‌ಮೋರ್ ವಿಷಯದಲ್ಲಿ ಶೈಲಾ ಮೇಡಂ ಹೇಳಿದ್ದು ಒಪ್ಪಿದೆ. ಕನ್ಸೆಕೊ ವಿಷಯದಲ್ಲಿ ಒಪ್ಪಲ್ಲ, ನಾಳೆ ಕೇಳಿದರೂ ಒಪ್ಪಲ್ಲ.

ಶೈಲಾ_ಸಾಫ್ಟ್‌ಬಾಲ್:
ಅದಕ್ಕೆ ನನ್ನ ಓಟೂ ಇದೆ. 😄

ಸಾಂಟಾರೋಸಾ_ಕಿರಣ:
ನಾನು ಆ ಬೇಸಿಗೆಯಲ್ಲಿ ಅಲ್ಲಿ ಆಟ ನೋಡಿದ್ದೇನೆ. ಮೈದಾನದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆರ್ನಾಲ್ಡ್ ಫೀಲ್ಡ್ ಅನ್ನೋದು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆ ನಡೆಸಿದ ಜನರಲ್ ಹ್ಯಾಪ್ ಆರ್ನಾಲ್ಡ್ ಅವರ ಹೆಸರು. ನಿವೃತ್ತಿಯಾದ ಮೇಲೆ ಅವರು ಸೊನೋಮಾದಲ್ಲೇ ಇದ್ದರು. ಅದು ಕ್ಲಬ್ಬಿನ ಸ್ವಂತ ಮೈದಾನವಲ್ಲ. ಹೈಸ್ಕೂಲ್ ಹುಡುಗರು ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದದ್ದೂ ಅಲ್ಲೇ. ಹಾಗಾಗಿ ಅದಕ್ಕೆ ಖರ್ಚು ಮಾಡಿ ಚಂದ ಮಾಡಿಸೋಕೆ ಕ್ಲಬ್ಬಿಗೆ ದಾರಿಯೇ ಇರಲಿಲ್ಲ.

ಜನ ಅಂದರೆ ಕೆಲವು ನೂರು. ವೈನ್ ಊರು ಅಲ್ವಾ, ದ್ರಾಕ್ಷಿ ತುಳಿಯೋದರ ಮೇಲೇ ತಂಡದ ಹೆಸರು. ಪ್ರವಾಸಿಗರು ಹಗಲೆಲ್ಲ ವೈನರಿ ಸುತ್ತಿ ಸಂಜೆ ಹೊರಟುಹೋಗುತ್ತಾರೆ, ಆಟಕ್ಕೆ ಬರೋದು ಊರಿನವರೇ. ಮುಂದಿನ ಸಾಲಿನಲ್ಲಿ ಕೂತರೆ ಡಗ್‌ಔಟ್‌ನಲ್ಲಿ ಬೈಯೋದೂ ಕೇಳಿಸುತ್ತೆ. ಬ್ಯಾಟರ್ ಔಟಾಗಿ ಬರುವಾಗ ಅವನು ಉಳಿದುಕೊಂಡಿದ್ದ ಮನೆಯ ಅಜ್ಜಿ ಗ್ಯಾಲರಿಯಿಂದಲೇ ಸಮಾಧಾನ ಹೇಳುತ್ತಿದ್ದರು. ಆಟಕ್ಕಿಂತ ಅದೇ ಮಜಾ. 2016ರಲ್ಲಿ ಲೀಗ್ ಕಪ್ ಗೆದ್ದಿದ್ದೂ ಸ್ಟಾಂಪರ್ಸ್ ತಂಡವೇ, ಅದನ್ನು ಯಾರೂ ಹೇಳಲಿಲ್ಲ ನೋಡಿ! ಮ್ಯಾನೇಜರ್ ಅದೇ ಮಿಯೋಶಿ.

ದಾವಣಗೆರೆ_ಹುಡುಗ:
ಕಪ್ ಗೆದ್ದ ತಂಡ ಮತ್ತೆ ಕಾಲೇಜು ತಂಡ ಯಾಕಾಯ್ತು? ಮಜಾ ಇತ್ತು, ಸುದ್ದಿ ಇತ್ತು, ಕಪ್ಪೂ ಇತ್ತು.

ಅಂಕಿಅಂಶ_ಆನಂದ:
ದುಡ್ಡು ಇರಲಿಲ್ಲ. ಸುದ್ದಿ ದೇಶದ ತುಂಬ ಹೋಗುತ್ತೆ, ಟಿಕೆಟ್ ಮಾರಾಟ ಆಗೋದು ಊರಿನಲ್ಲಿ ಮಾತ್ರ. ನ್ಯೂಯಾರ್ಕ್‌ನಲ್ಲಿ ಕೂತು ಕಾನ್‌ರಾಯ್ ಬಗ್ಗೆ ಓದಿದವನು ಸೊನೋಮಾಕ್ಕೆ ಬಂದು ಹಾಟ್‌ಡಾಗ್ ತಗೊಳ್ಳಲ್ಲ. ಖರ್ಚಿನ ಕಡೆ ನೋಡಿದರೆ, ಸಂಬಳ ಪಡೆಯುವ ಆಟಗಾರ ಅಂದರೆ ಕಾನೂನಿನ ಪ್ರಕಾರ ಕೆಲಸಗಾರ. ಅವನಿಗೆ ಕಾರ್ಮಿಕ ವಿಮೆ ಕಟ್ಟಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದು ದುಬಾರಿ, ಮೈಕೈ ಮುರಿಯುವ ಕೆಲಸಕ್ಕೆ ಇನ್ನೂ ದುಬಾರಿ.

ಇನ್ನೊಂದು, ನಾಲ್ಕು ತಂಡದ ಲೀಗ್‌ನಲ್ಲಿ ಒಂದು ತಂಡ ನಿಂತರೂ ಮೂರು ಉಳಿಯುತ್ತವೆ. ಮೂರು ಇದ್ದರೆ ಪ್ರತಿದಿನ ಒಂದು ತಂಡ ಸುಮ್ನೆ ಕೂರಬೇಕು. ಹೀಗಾಗಿ ಪ್ರತಿ ಚಳಿಗಾಲದಲ್ಲೂ ನಾಲ್ಕನೇ ಊರು ಹುಡುಕೋದೇ ಕೆಲಸ. ಪಿಟ್ಸ್‌ಬರ್ಗ್ ಹೆಸರು ಬದಲಾಯಿಸಿಕೊಂಡಿತು, ಮಾರ್ಟಿನೆಜ್ ಬಂತು, ಹೋಯ್ತು, ನಾಪಾ ಬಂತು. 2019 ಕೊನೆಯ ಸೀಸನ್. 2020ರಲ್ಲಿ ಕೋವಿಡ್ ಬಂದ ಮೇಲೆ ಲೀಗ್ ಏಳಲಿಲ್ಲ. ಸ್ಟಾಂಪರ್ಸ್ ಕ್ಯಾಲಿಫೋರ್ನಿಯಾ ಕೊಲೀಜಿಯೇಟ್ ಲೀಗ್ ಸೇರಿಕೊಂಡಿತು. ಕಾಲೇಜು ಆಟಗಾರರಿಗೆ ಸಂಬಳ ಕೊಡೋ ಹಾಗಿಲ್ಲ, ಖರ್ಚು ಅಲ್ಲೇ ಅರ್ಧ ಇಳಿಯಿತು ಅನ್ನಿ. ಹೋಸ್ಟ್ ಫ್ಯಾಮಿಲಿ, ಮೈದಾನ, ಹೆಸರು ಎಲ್ಲ ಹಳೆಯದೇ.

ಇದನ್ನು ಸಾವು ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಹಾಗಂತ ಅದೇ ತಂಡ ಅಂತಲೂ ಅನ್ನಲ್ಲ. 24 ವರ್ಷದವನು ಕೆಲಸ ಬಿಟ್ಟು ಬಂದು ಕೊನೆಯ ಅವಕಾಶಕ್ಕೆ ಆಡೋದೇ ಬೇರೆ, 19ರ ಹುಡುಗ ಬೇಸಿಗೆ ರಜೆಯಲ್ಲಿ ಆಡೋದೇ ಬೇರೆ.

ಸಾಂಟಾರೋಸಾ_ಕಿರಣ:
ಆನಂದ್, ಆ ಲೀಗ್‌ನ ಇನ್ನೊಂದು ಕಥೆ ಬಿಟ್ಟಿರಿ. 2015ರ ಜುಲೈನಲ್ಲಿ ಸ್ಯಾನ್ ರಫೇಲ್‌ನ ಪಂದ್ಯಗಳಲ್ಲಿ ಪಿಚರ್ ಎಸೆದ ಚೆಂಡು ಸರಿಯಾದ ಜಾಗದಲ್ಲಿ ಬಂತೋ ಇಲ್ಲವೋ ಅನ್ನುವ ಬಾಲ್, ಸ್ಟ್ರೈಕ್ ತೀರ್ಪನ್ನು ಕಂಪ್ಯೂಟರ್ ಕೊಟ್ಟಿತ್ತು. ಮಾಜಿ ಆಟಗಾರ ಎರಿಕ್ ಬರ್ನ್ಸ್ ಪರದೆ ನೋಡಿ ಮೈಕಿನಲ್ಲಿ ಹೇಳುತ್ತಿದ್ದರು. ಪ್ರೊಫೆಷನಲ್ ಪಂದ್ಯದಲ್ಲಿ ಅದೇ ಮೊದಲು. ಈಗ 2026ರ ಸೀಸನ್‌ಗೆ ಮೇಜರ್ ಲೀಗ್‌ನವರೂ ಅಂಪೈರ್ ತೀರ್ಪು ಒಪ್ಪದಾಗ ಕಂಪ್ಯೂಟರ್ ಮೊರೆಹೋಗುವ ಚಾಲೆಂಜ್ ಪದ್ಧತಿಗೆ ಒಪ್ಪಿಗೆ ಕೊಟ್ಟರು.

ಫ್ರೀಮಾಂಟ್_ಪದ್ಮಾ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಒಂದು ಕೊನೆಯ ಪ್ರಶ್ನೆ. ಹೀಗೆ ಮುಚ್ಚಿದ ತಂಡಕ್ಕೆ ಯಾವ ಬೆಲೆಯೂ ಸಿಗಲ್ವಾ? ಐಪಿಎಲ್ ತಂಡ ಮಾರಿದರೆ ಕೋಟಿಗಟ್ಟಲೆ ಬರುತ್ತಲ್ಲ.

ಮೈದಾನಪ್ರಿಯ:
ಒಂದೇ ಒಂದು ತಂಡಕ್ಕೆ ಚೆನ್ನಾಗಿ ಸಿಕ್ಕಿದ್ದು ನನಗೆ ಗೊತ್ತು ಮೇಡಂ: ಪೋರ್ಟ್‌ಲೆಂಡ್ ಮಾವೆರಿಕ್ಸ್. 1972ರ ಸೀಸನ್ ಆದ ಮೇಲೆ ಪೆಸಿಫಿಕ್ ಕೋಸ್ಟ್ ಲೀಗ್ ಅನ್ನುವ ಮೈನರ್ ಲೀಗ್‌ನ ತಂಡ ಜನ ಬರಲ್ಲ ಅಂತ ಪೋರ್ಟ್‌ಲೆಂಡ್ ಬಿಟ್ಟು ಸ್ಪೋಕೇನ್‌ಗೆ ಹೋಯಿತು. 1973ರಲ್ಲಿ ನಟ ಬಿಂಗ್ ರಸೆಲ್ ಅಲ್ಲಿ ಯಾರ ಕೆಳಗೂ ಇಲ್ಲದ ತಂಡ ಕಟ್ಟಿದರು. ನಟ ಕರ್ಟ್ ರಸೆಲ್‌ನ ಅಪ್ಪ. ಮಗನೂ ಆಡಿದ. ಲ್ಯಾನಿ ಮಾಸ್ ಅನ್ನುವ ಮಹಿಳೆಯನ್ನು ಜನರಲ್ ಮ್ಯಾನೇಜರ್ ಮಾಡಿದರು, ಆ ಕಾಲಕ್ಕೆ ದೊಡ್ಡ ವಿಷಯ. ಜನ ಮುಗಿಬಿದ್ದರು. ಅದನ್ನು ನೋಡಿ ಬಿಟ್ಟುಹೋದ ಲೀಗ್‌ಗೆ ಪೋರ್ಟ್‌ಲೆಂಡ್ ಮತ್ತೆ ಬೇಕಾಯಿತು. ಪರಿಹಾರ ಅಂತ 26,000 ಡಾಲರ್ ಕೊಡ್ತೀವಿ ಅಂದರು. ರಸೆಲ್ ಕೇಳಿದ್ದು 2,06,000. ಮಧ್ಯಸ್ಥಿಕೆಗೆ ಹೋಗಿ ಅಷ್ಟನ್ನೂ ತಗೊಂಡರು, ತಂಡ 1977ಕ್ಕೆ ಮುಗಿಯಿತು.

ಆದರೆ ಅವರು ಆಡಿದ್ದು ಮೈನರ್ ಲೀಗ್ ವ್ಯವಸ್ಥೆಯೊಳಗಿನ ನಾರ್ತ್‌ವೆಸ್ಟ್ ಲೀಗ್‌ನಲ್ಲಿ. ಅಲ್ಲಿ ಊರಿನ ಮೇಲೆ ತಂಡಕ್ಕೆ ಹಕ್ಕು ಇರುತ್ತೆ. ಬೇರೆಯವರು ಬರಬೇಕಾದರೆ ಆ ಹಕ್ಕು ಕೊಳ್ಳಬೇಕು. ಸ್ಟಾಂಪರ್ಸ್ ಆಡಿದ್ದು ಆ ವ್ಯವಸ್ಥೆಯ ಹೊರಗೆ. ನಾಳೆ ಯಾರಾದರೂ ಸೊನೋಮಾಕ್ಕೆ ಬಂದು ಹೊಸ ತಂಡ ಕಟ್ಟಿದರೆ ಇವರಿಗೆ ಯಾರೂ ಪರಿಹಾರ ಕೊಡಬೇಕಾಗಿಲ್ಲ. ಮಾರೋಕೆ ಇರೋದು ಹೆಸರು, ಜೆರ್ಸಿ, ಟೋಪಿ ಅಷ್ಟೇ.

ದಾವಣಗೆರೆ_ಹುಡುಗ:
ಟೋಪಿ ಎಲ್ಲಿ ಸಿಗುತ್ತೆ?

ಸಾಂಟಾರೋಸಾ_ಕಿರಣ:
ಬೇಸಿಗೆಯಲ್ಲಿ ಆಟ ಇರೋ ದಿನ ಬಾ, ಗೇಟ್ ಹತ್ತಿರ ವಿಚಾರಿಸೋಣ. ಮುಂದಿನ ಸಾಲಿನಲ್ಲೇ ಕೂರೋಣ.